ಮರಿಗೆಗೆ ನೀರು ನುಗ್ಗಿದರೆ

ಯಾರೂ ತಪ್ಪಿಸಿಕೊಳ್ಳಲಾಗದ ನಿಯಮವೊಂದನ್ನು ಬರೆಯುತ್ತೇನೆಂದು ತುಂಬಿದ ಸಭೆಯಲ್ಲಿ ಜಂಬ ಕೊಚ್ಚಿದವನು ನಾನೇ. ಅದಕ್ಕೆ ಮೊದಲು ಸಿಕ್ಕಿಬಿದ್ದವನೂ ನಾನೇ. ಹೆಸರು ಕುಪ್ಪಯ್ಯ. ಜಟ್ಟಿಂಗರಸ ದೊರೆಯ ಆಸ್ಥಾನದಲ್ಲಿ ಜಾಣ ಎಂಬ ಕೆಲಸ.

ನಮ್ಮ ದೊರೆಗೆ ಎರಡು ಹೆಮ್ಮೆ. ಒಂದು ಅವರ ಮೀಸೆ. ಇನ್ನೊಂದು 'ಗರುಡ' ಎಂಬ ನಲವತ್ತು ಹುಟ್ಟಿನ ದೋಣಿ. ದಿನಾ ಬೆಳಿಗ್ಗೆ ಅಳಿವೆಯಲ್ಲಿ ಅದನ್ನು ಬಾಣದ ಹಾಗೆ ಓಡಿಸುತ್ತಿದ್ದರು.

ಅದೇ ಅಳಿವೆಯಲ್ಲಿ ಹೆಂಗಸರು ಎದೆಮಟ್ಟ ನೀರಿಗಿಳಿದು, ಕಾಲಿನಲ್ಲಿ ತಡವಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಸೊಂಟಕ್ಕೆ ಕಟ್ಟಿದ ಮರದ ಮರಿಗೆ ಪಕ್ಕದಲ್ಲೇ ತೇಲುತ್ತಿರುತ್ತದೆ. ಹೆಕ್ಕಿದ ಚಿಪ್ಪೆಲ್ಲ ಅದರೊಳಕ್ಕೆ.

ಒಂದು ದಿನ ಬಳಚಿನ ಮಾಂಕಾಳಿ ಒದ್ದೆ ಸೀರೆಯಲ್ಲೇ ಸಭೆಗೆ ಬಂದಳು.

"ಒಡೆಯಾ, ನಿಮ್ಮ ದೋಣಿ ಹೋದ್ಮೇಲೆ ಅಲೆ ಬತ್ತದೆ. ಬಸುರಿ ಸೊಸೆ ನಿನ್ನೆ ಮುಳುಗೇ ಹೋಗಿದ್ಲು. ಜಡೆ ಕೈಗೆ ಸಿಕ್ತು, ಎಳ್ಕಂಡೆ. ನಾಳೆ ಸಿಗದಿದ್ರೆ?"

ದೊರೆ ಮೀಸೆ ತಿರುವಿದರು. "ಕುಪ್ಪಯ್ಯ, ಏನಾದರೂ ಮಾಡು. ಆದರೆ ಗರುಡ ಮಾತ್ರ ನಿಧಾನ ಆಗಕೂಡದು."

ನಾನು ಬರೆದೆ: ಬಳಚಿನ ಜಾಗದ ಎರಡು ತುದಿಗೂ ಬಿದಿರು ನೆಡುವುದು. ಅದರ ನಡುವೆ ಯಾವ ದೋಣಿಯಾದರೂ ಮೆಲ್ಲಗೆ ಹೋಗಬೇಕು. ಮಾಂಕಾಳಿಯ ಮರಿಗೆಗೆ ನೀರು ನುಗ್ಗಿದರೆ ತಪ್ಪು. ತಪ್ಪಿದವನ ಕೊರಳಿಗೆ ಚಿಪ್ಪು ಕಟ್ಟುವುದು. ಅವನು ನೀರಲ್ಲಿ ನಿಂತು ಒಂದು ಮರಿಗೆ ಬಳಚು ಹೆಕ್ಕಿ ಕೊಡುವುದು.

ದೊರೆ ಕೆಳಗೆ ಒಂದು ಸಾಲು ಸೇರಿಸಿದರು: 'ದೊರೆಯ ದೋಣಿಗೆ ಇದು ಅನ್ವಯಿಸದು.'

ಅಳಿವೆಯಲ್ಲಿ ಅಲೆ ಎಬ್ಬಿಸುವುದು ಅದೊಂದೇ ದೋಣಿ. ಅದು ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡೆ. ಕೆಲಸ ಉಳಿಯಬೇಕಲ್ಲ! ಮಾಂಕಾಳಿ ನನ್ನನ್ನೊಮ್ಮೆ ನೋಡಿ ಹೊರಟುಹೋದಳು. ಆ ನೋಟಕ್ಕಿಂತ ಎರಡು ಬೈಗುಳ ವಾಸಿಯಿತ್ತು.

ಮೂರನೆಯ ದಿನ ಮನೆಯಲ್ಲಿ ಬಂಗುಡೆ ಸಾರು ಎಂದು ಗೊತ್ತಾಗಿ ನಾನು ನನ್ನ ಪುಟ್ಟ ದೋಣಿಗೆ ಹುಟ್ಟು ಹಾಕಿದ್ದೇ ಹಾಕಿದ್ದು. ಬಿದಿರು ದಾಟಿದ್ದು ಗಮನಕ್ಕೇ ಬರಲಿಲ್ಲ. ಹುಟ್ಟಿನ ಏಟಿಗೆ ಎದ್ದ ನೀರು ಸೀದಾ ಮರಿಗೆಯೊಳಗೆ.

"ನಿಲ್ಲಿ ಅಯ್ಯಾ," ಎಂದಳು ಮಾಂಕಾಳಿ.

"ಇಳಿತದ ಸೆಳೆತ ಕಣೇ, ನನ್ನ ತಪ್ಪಲ್ಲ."

"ಈಗ ಭರತ. ನೀರು ನಿಮ್ಮನ್ನ ಹಿಂದಕ್ಕೇ ತಳ್ತಾ ಅದೆ."

"ಆ ನಿಯಮ ಬರೆದವನೇ ನಾನು!"

"ಹಂಗಾದ್ರೆ ಓದಿ ಹೇಳೂದು ಬೇಡ," ಎಂದು ಕೊರಳಿಗೆ ಚಿಪ್ಪು ಕಟ್ಟಿದಳು.

ಮರುದಿನ ಬೆಳಿಗ್ಗೆ ನಾನು ಎದೆಮಟ್ಟ ನೀರಲ್ಲಿ ನಿಂತು, ಬಳಚೆಂದು ಕಲ್ಲು ಹೆಕ್ಕುತ್ತಿದ್ದಾಗ ಗರುಡ ಬಂತು. ಅಲೆ ನನ್ನನ್ನು ಮಗುಚಿ ಹಾಕಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಮಾಂಕಾಳಿ ನನ್ನ ಜುಟ್ಟು ಹಿಡಿದೆತ್ತಿದಳು. ಸಾಯುತ್ತೇನೆಂದು ನಿಜವಾಗಿ ಹೆದರಿದ್ದೆ. ಆ ಬಸುರಿ ಹುಡುಗಿಯ ನೆನಪಾಗಿ, ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ನಾಚಿಕೆಯಾಯಿತು.

ನೀರು ಕುಡಿದ ಮೇಲೆ ಬುದ್ಧಿ ಓಡಿತು. "ಪ್ರಭು," ಎಂದೆ ಅರಮನೆಗೆ ಹೋಗಿ, "ಈ ಸಲ ಮೀಸೆ ತಿದ್ದಿಸುವುದು ನಡುನೀರಿನಲ್ಲಿ ಆಗಲಿ. ಎರಡು ದಡದ ಜನವೂ ಕಣ್ತುಂಬ ನೋಡಬಹುದು."

ಮೀಸೆಯ ಮಾತೆಂದರೆ ದೊರೆ ಕರಗುತ್ತಾರೆ. ಹೆಂಗಸರಿಗೆಲ್ಲ ಅಂದು ದಡದಲ್ಲೇ ಇರಲು ಹೇಳಿದೆ. ಬಿದಿರುಗಳ ನಡುವೆ ಒಂದು ಚಪ್ಪಟೆ ದೋಣಿ ಕಟ್ಟಿ, ದೊರೆಯನ್ನು ಕೂರಿಸಿದೆ. ಮಾಂಕಾಳಿಯ ಮರಿಗೆ ಪಕ್ಕದಲ್ಲೇ ತೇಲುತ್ತಿತ್ತು. ಕ್ಷೌರಿಕ ಬೀರ ಮೀಸೆಗೆ ಎಣ್ಣೆ ಹಚ್ಚಿದ.

"ಕನ್ನಡಿ ಎಲ್ಲಿ?" ಎಂದರು ದೊರೆ.

"ಅಯ್ಯೋ, ಮರೆತೆ!" ಎಂದೆ.

"ಪೆದ್ದ!" ದೊರೆ ಗರುಡದವರಿಗೆ ಕೂಗಿ ಹೇಳಿದರು. "ಎಣ್ಣೆ ಆರುವುದರೊಳಗೆ ಕನ್ನಡಿ ತನ್ನಿ. ಎಲ್ಲೂ ನಿಧಾನ ಮಾಡಬೇಡಿ!"

ಬೀರ ಮೀಸೆಯ ಎಡತುದಿಗೆ ಕತ್ತರಿ ಇಟ್ಟಿದ್ದ. ಅಷ್ಟರಲ್ಲಿ ನಲವತ್ತು ಹುಟ್ಟುಗಳ ಸದ್ದು ಕೇಳಿಸಿತು.

"ಮೆಲ್ಲಗೆ!" ದೊರೆ ಕಿರುಚಿದರು. "ಮೆಲ್ಲಗೆ ಬನ್ರೋ! ಕುಪ್ಪಯ್ಯ, ನಿಲ್ಲಿಸು! ನಿಯಮ ಇದೆಯಲ್ಲ!"

"ಇದೆ ಪ್ರಭು. ಆದರೆ ಅದು ದೊರೆಯ ದೋಣಿ."

"ಆ ಸಾಲು ಹೊಡೆದು ಹಾಕು! ಈಗಲೇ!"

"ಅಪ್ಪಣೆ," ಎಂದೆ. ಅಲೆ ಬಂದು ಬಡಿಯಿತು.

ನೀರು ಇಳಿದಾಗ ಮರಿಗೆ ತುಂಬಿತ್ತು. ಬೀರನ ಕೈಯಲ್ಲಿ ಎಡಗಡೆಯ ಮೀಸೆ ಪೂರ್ತಿ ಇತ್ತು.

ಮಾಂಕಾಳಿ ದಾರಕ್ಕೆ ಪೋಣಿಸಿದ ಚಿಪ್ಪು ಹಿಡಿದು ಬಂದಳು. "ಇದು ಯಾರಿಗೆ ಕಟ್ಟೂದು?"

ನನ್ನ ತಲೆ ಹೋಯಿತೆಂದೇ ನಾನು ಅಂದುಕೊಂಡೆ. ದೊರೆ ಬೀರನ ಕೈ ನೋಡಿದರು, ಅವಳ ಸೊಸೆ ನಿಂತಿದ್ದ ದಡ ನೋಡಿದರು.

"ಒಂದು ಮೀಸೆ ಹೋದದ್ದಕ್ಕೇ ನನ್ನ ಜೀವ ಹೋದ ಹಾಗಾಯಿತಲ್ಲ," ಎಂದು ಕೊರಳು ಚಾಚಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಕುಪ್ಪಯ್ಯ, ಕನ್ನಡಿ ನೀನು ಮರೆತದ್ದಲ್ಲ. ಇರಲಿ, ನಾಳೆ ಒಂದು ದಿನ ಗರುಡ ನಿನ್ನದು!"

ಮರುದಿನ ಮಧ್ಯಾಹ್ನ ನಾನು ಗರುಡದಲ್ಲಿ ಕಾಲು ಚಾಚಿ ಕೂತು ಊಟಕ್ಕೆ ಹೊರಟೆ. ಮನೆಯಲ್ಲಿ ಮತ್ತೆ ಬಂಗುಡೆ.

"ಅಯ್ಯಾ, ಬಿದಿರು ಬಂತು," ಎಂದ ಮುಂದಿನವನು.

"ಅದನ್ನು ನೆಡಿಸಿದವನೇ ನಾನು, ಎಳೆಯೋ!" ಎಂದೆ.

ಹಿಂತಿರುಗಿ ನೋಡುತ್ತೇನೆ, ಎದೆಮಟ್ಟ ನೀರಲ್ಲಿ ಅರ್ಧ ಮೀಸೆಯ ಒಬ್ಬರು ಕೆಮ್ಮುತ್ತ ಮೇಲೇಳುತ್ತಿದ್ದಾರೆ. ಹೆಕ್ಕಿದ ಬಳಚೆಲ್ಲ ನೀರುಪಾಲು. ಮಾಂಕಾಳಿ ಆಗಲೇ ದಾರ ಪೋಣಿಸುತ್ತಿದ್ದಳು.

ನಾನು ಚಿಪ್ಪು ಕಟ್ಟಿಸಿಕೊಂಡು ತೆಪ್ಪಗೆ ದೊರೆಯ ಪಕ್ಕಕ್ಕೆ ಇಳಿದೆ.

"ಯಾರೂ ತಪ್ಪಿಸಿಕೊಳ್ಳಲಾಗದ ಈ ನಿಯಮ ಬರೆದ ಜಾಣ ಯಾರು, ಕುಪ್ಪಯ್ಯ?"

"ಗೊತ್ತಿಲ್ಲ ಪ್ರಭು," ಎಂದೆ ಕಾಲಿನಲ್ಲಿ ಬಳಚು ತಡವುತ್ತ. "ಸಿಕ್ಕರೆ ಅವನನ್ನೂ ಇಲ್ಲೇ ನಿಲ್ಲಿಸೋಣ ಅಂತಿದ್ದೆ. ಆಗಲೇ ನಿಂತಿದ್ದಾನೆ, ಎರಡನೇ ಸಲ."