ಸಾವಿರ ಜೋಡಿ ಪದಗಳು ಮತ್ತು ಪಕ್ಕದ ಮನೆಯ ಆಡು

ಬಾದಾಮಿಯ ಗುಡ್ಡದ ಬುಡದ ಓಣಿಯಲ್ಲಿ ಸಂಗನಬಸಪ್ಪ ಎಂಬ ನಿವೃತ್ತ ಮಾಸ್ತರರಿದ್ದರು. ಗುಹೆ ನೋಡಲು ಬರುವ ವಿದೇಶಿಯರ ಜೊತೆ ನಾಲ್ಕು ಮಾತಾಡಬೇಕೆನ್ನುವ ಆಟೋದವರಿಗೆ, ಎಳನೀರು ಮಾರುವವರಿಗೆ ದಿನಾ ಸಂಜೆ ತಮ್ಮ ಪಡಸಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಒಂದು ಹುಚ್ಚಿತ್ತು. ಅರ್ಥ ಒಂದೇ ಎನ್ನಿಸುವ ಎರಡು ಇಂಗ್ಲಿಷ್ ಪದಗಳ ನಡುವಿನ ವ್ಯತ್ಯಾಸ ಹಿಡಿಯುವ ಹುಚ್ಚು. ಹೌಸ್ ಬೇರೆ, ಹೋಮ್ ಬೇರೆ. ಟಾಲ್ ಬೇರೆ, ಹೈ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಅವರಿಗೆ ಹಲ್ಲುನೋವು ಶುರುವಾದ ಹಾಗಾಗುತ್ತಿತ್ತು.

ಅವರ ಪಾಠಕ್ಕೆ ಕಟ್ಟುನಿಟ್ಟಿನ ಕಾನೂನಿತ್ತು. ಹೊಸ್ತಿಲೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ಪದ ತಪ್ಪಿದವರು ಎದ್ದು ಹೊರಗೆ ಹೋಗಿ, ಚಪ್ಪಲಿ ಮೆಟ್ಟಿ, ಮತ್ತೆ ಅದನ್ನು ಬಿಟ್ಟು, ಒಳಗೆ ಬಂದು 'ಗುಡ್ ಈವನಿಂಗ್ ಸರ್' ಇಂದ ಶುರು ಮಾಡಬೇಕು. ಹೊರಗೆ ನಿಂತು ಯಾರಾದರೂ ಕನ್ನಡದಲ್ಲಿ ಕೂಗಿದರೆ ಮಾಸ್ತರರು ಎರಡೂ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದರು. ತಪ್ಪನ್ನು ಬಿಡಿಸಿ ಹೇಳುವಾಗ ಕನ್ನಡ ಬಳಸುವ ಹಕ್ಕು ಅವರೊಬ್ಬರಿಗೇ ಇತ್ತು. ಕಾನೂನು ಮಾಡಿದವರಿಗೆ ಅಷ್ಟಾದರೂ ಸವಲತ್ತು ಬೇಡವೇ?

ಮಾಸ್ತರರು ಇಪ್ಪತ್ತೊಂದು ವರ್ಷ ಕೂತು ಇಂಥ ಸಾವಿರ ಜೋಡಿ ಪದಗಳ ಪುಸ್ತಕ ಬರೆದಿದ್ದರು. ಇದ್ದದ್ದು ಕೈಬರಹದ ಒಂದೇ ಪ್ರತಿ. ಹುಬ್ಬಳ್ಳಿಯ ಮುದ್ರಕರೊಬ್ಬರು ಅಚ್ಚು ಹಾಕಲು ಒಪ್ಪಿದ್ದರು, ಸೋಮವಾರ ಒಯ್ದು ಕೊಡಬೇಕಿತ್ತು. ಭಾನುವಾರ ಮಧ್ಯಾಹ್ನ ಟ್ರಂಕ್ ತೆರೆದು ನೋಡಿದರೆ ಹಾಳೆಗಳಿಗೆ ಥಂಡಿ ಹಿಡಿದಿತ್ತು. ಅವನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಗಾಳಿಗೆ ಹಾರದಂತೆ ಕಲ್ಲಿಟ್ಟು, ಮಾಸ್ತರರು ಸಂಜೆ ಪಾಠಕ್ಕೆ ಕೆಳಗಿಳಿದರು. ಆ ಓಣಿಯಲ್ಲಿ ಒಂದು ಮಾಳಿಗೆಗೆ ಇನ್ನೊಂದು ಅಂಟಿಕೊಂಡಿದೆ. ಪಕ್ಕದ ಮನೆಯ ಆಡಿಗೆ ಇದು ಚೆನ್ನಾಗಿ ಗೊತ್ತಿತ್ತು.

ಎದುರು ಖಾನಾವಳಿಯ ಶಾವಂತ್ರವ್ವ ರೊಟ್ಟಿ ಬಡಿದು ಮುಗಿಸಿ, ತಡವಾಗಿ ಪಾಠಕ್ಕೆ ಹೊರಟವಳು, ಸುಮ್ಮನೆ ತಲೆಯೆತ್ತಿದಳು. ಆಡು ಮಾಸ್ತರರ ಪುಸ್ತಕದ ಮುಂದೆ ಊಟಕ್ಕೆ ನಿಂತಿತ್ತು. ಅವಳು ಒಂದೇ ಉಸಿರಿಗೆ ಒಳಗೆ ಓಡಿದಳು.

"ಗುಡ್ ಈವನಿಂಗ್ ಸರ್. ಐ ಸೇ ಯು ಒನ್ ಥಿಂಗ್."

ಮಾಸ್ತರರು ಕಣ್ಣು ಮುಚ್ಚಿದರು. "ಸೇ ಬ್ಯಾರೆ, ಟೆಲ್ ಬ್ಯಾರೆ. ಮುಂದ ಮನಷ್ಯಾ ಇದ್ದಾಗ ಟೆಲ್. ಹೊರಗ ಹೋಗಿ ಬಾ ಯವ್ವಾ."

ಶಾವಂತ್ರವ್ವ ಹೊರಗೆ ಹೋದಳು, ಚಪ್ಪಲಿ ಮೆಟ್ಟಿದಳು, ಬಿಟ್ಟಳು, ಬಂದಳು.

"ಗುಡ್ ಈವನಿಂಗ್ ಸರ್. ಐ ಟೆಲ್ ಯು. ಆನ್ ಯುವರ್ ರೂಫ್, ಒನ್ ಗೋಟ್."

"ರೂಫ್ ಅಂದ್ರ ತಲಿ ಮ್ಯಾಲಿನ ಮುಚ್ಚಳಿಕಿ. ಹತ್ತಿ ನಿಂತು ಮೆಣಸಿನಕಾಯಿ ಒಣಾ ಹಾಕೂದು ಟೆರೇಸ್. ನಡಿ."

ಈ ಸಲ ಅವಳು ಹೊಸ್ತಿಲಾಚೆ ನಿಂತು, "ಸರ, ಆಡು ಬಂದೈತ್ರಿ, ನಿಮ್ಮ ಪುಸ್ತಕ ತಿನ್ನಾಕತ್ತೈತ್ರಿ" ಎಂದು ಕೂಗಿದಳು. ಮಾಸ್ತರರು ಕಿವಿಗೆ ಬೆರಳಿಟ್ಟುಕೊಂಡರು. ಒಳಗಿದ್ದ ಉಳಿದವರಿಗೆ ಕೇಳಿಸಲಿಲ್ಲವೇ ಎಂದರೆ, ಕೇಳಿಸಿತು. ಬಾಯಿ ಬಿಟ್ಟು ಪದ ತಪ್ಪಿದರೆ ತಾವೂ ಚಪ್ಪಲಿ ಮೆಟ್ಟಬೇಕಾದೀತೆಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಮುಖ ಹುದುಗಿಸಿದ್ದರು.

ಶಾವಂತ್ರವ್ವ ಮೂರನೆಯ ಸಲ ಒಳಗೆ ಬಂದಳು.

"ಸರ್. ಟೆರೇಸ್. ಗೋಟ್. ಇಟ್ ಈಸ್ ಸ್ವಾಲೋಯಿಂಗ್ ಯುವರ್ ಬುಕ್."

ಮಾಸ್ತರರ ಮುಖ ಅರಳಿತು. "ಭಾಳ ಚಲೋ ಉದಾಹರಣಿ. ಎಲ್ಲಾರೂ ಬರಕೋರಿ. ಆಡು ಮೊದಲ ಚ್ಯೂ ಮಾಡತೈತಿ, ಆಮ್ಯಾಲೆ ಸ್ವಾಲೋ. 'ಗುಡ್ ಈವನಿಂಗ್' ಸೈತ ಬಿಟ್ಟೀಯಲ್ಲ, ಇನ್ನೊಮ್ಮೆ ಹೋಗಿ ಬಾ."

ಎಲ್ಲರೂ ಬರೆದುಕೊಂಡರು. ಮೇಲೆ ಆಡು ಚ್ಯೂ ಮಾಡಿತು, ಆಮೇಲೆ ಸ್ವಾಲೋ ಮಾಡಿತು.

ತಿಳಿದವರಿಗೆ ಹೇಳಿದರೆ ಸಾಕು ಎಂದು ಅಷ್ಟು ಹೊತ್ತು ನಂಬಿದ್ದ ಶಾವಂತ್ರವ್ವ ನಾಲ್ಕನೆಯ ಸಲ ಒಳಗೆ ಬರಲಿಲ್ಲ. ಪಕ್ಕದ ಮನೆಯ ನಿಚ್ಚಣಿಕೆ ಹತ್ತಿ, ಆಡಿನ ಕಿವಿ ಹಿಡಿದೆಳೆದು, ಉಳಿದದ್ದನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು ಹೊಸ್ತಿಲ ಹೊರಗೇ ಕೂತಳು. ಆಗ ಸೆರಗಿನಲ್ಲಿದ್ದ ತಮ್ಮ ಹಾಳೆಗಳನ್ನು ಕಂಡು ಮಾಸ್ತರರು ತಾವಾಗಿಯೇ ಎದ್ದು ಹೊರಗೆ ಬಂದರು. ಸಾವಿರ ಜೋಡಿಯಲ್ಲಿ ಮುನ್ನೂರು ಚಿಲ್ಲರೆ ಉಳಿದಿದ್ದವು. ಕೆಲವು ಜೋಡಿಗಳಲ್ಲಿ ಒಂದು ಪದ ಮಾತ್ರ ಇತ್ತು, ಜೊತೆಗಾರ ಆಡಿನ ಹೊಟ್ಟೆ ಸೇರಿದ್ದ.

"ಮೊದಲ ಯಾಕ ಹೇಳಲಿಲ್ಲ, ಶಾವಂತ್ರವ್ವ?" ಎಂದರು ಮಾಸ್ತರರು, ಕನ್ನಡದಲ್ಲಿ.

"ಮೂರ ಸಲ ಹೇಳೀನ್ರಿ ಸರ. ನಾ ಏನ ಹೇಳಾಕತ್ತೀನಿ ಅನ್ನೂದು ನಿಮಗ ಬೇಕಾಗಿರಲಿಲ್ಲ. ಹ್ಯಾಂಗ ಹೇಳತೀನಿ ಅಂತ ಅಷ್ಟ ನೋಡಿದ್ರಿ."

ಮಾಸ್ತರರು ಆ ಹಾಳೆಗಳನ್ನು ಎದೆಗೊತ್ತಿಕೊಂಡು ಅತ್ತರು. ಇಪ್ಪತ್ತೊಂದು ವರ್ಷ ಹೋದದ್ದಕ್ಕೆ ಅತ್ತರು, ನಾಚಿಕೆಗೆ ಇನ್ನೂ ಸ್ವಲ್ಪ ಹೆಚ್ಚು ಅತ್ತರು. ಶಾವಂತ್ರವ್ವ ಖಾನಾವಳಿಯಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಮರುದಿನವೇ ಅವರು ಪುಸ್ತಕವನ್ನು ಮೊದಲಿನಿಂದ ಬರೆಯತೊಡಗಿದರು. ಮೊದಲ ಜೋಡಿ ಹಿಯರ್ ಮತ್ತು ಲಿಸನ್. ವ್ಯತ್ಯಾಸ ತಿಳಿಸಲು ಅದರ ಕೆಳಗೆ ಈ ಉದಾಹರಣೆ ಕೊಟ್ಟರು: 'ಶಾವಂತ್ರವ್ವ ಹೇಳಿದ್ದನ್ನು ಮಾಸ್ತರ ಮೂರು ಸಲ ಹಿಯರ್ ಮಾಡಿದ. ಲಿಸನ್ ಮಾಡಿದ್ದು ಆಡು ತಿಂದು ಮುಗಿಸಿದ ಮೇಲೆ.'

ನೀತಿ: ಎದುರಿನವರ ಮಾತಿನಲ್ಲಿ ತಪ್ಪು ಹಿಡಿಯುವ ಮೊದಲು ಅವರು ಏನು ಹೇಳುತ್ತಿದ್ದಾರೆ ಎಂಬುದನ್ನು ಮನಸ್ಸಿಟ್ಟು ಕೇಳಿ. ತಪ್ಪನ್ನು ಯಾವಾಗ ಬೇಕಾದರೂ ತಿದ್ದಬಹುದು, ಆದರೆ ಆಡು ಕಾಯುವುದಿಲ್ಲ.