ಹೂ ಮುಡಿದ ಯಂತ್ರ

“ಸರ್, ಹೃದಯವನ್ನು ನಿಲ್ಲಿಸಿ ಯಂತ್ರದ ಆಸರೆಯಲ್ಲಿ ಬೈಪಾಸ್ ಮಾಡುವುದು ಮೇಲೋ, ಯಂತ್ರವಿಲ್ಲದೆ ಮಿಡಿಯುವ ಹೃದಯದ ಮೇಲೆಯೇ ಹೊಲಿಯುವುದು ಮೇಲೋ?”

ಕೇಳಿದವನು ಇಂದುಧರ. ಮರುದಿನ ಬೆಳಿಗ್ಗೆ ಅವನು, ಹಿರಿಯರು ಯಾರೂ ಪಕ್ಕದಲ್ಲಿಲ್ಲದೆ, ಮೊದಲ ಸಲ ಒಬ್ಬ ಹೆಂಗಸಿನ ಎದೆ ತೆರೆಯುವವನಿದ್ದ. ಕೇಳಿಸಿಕೊಂಡವರು ಅವನಿಗೆ ಈ ವಿದ್ಯೆ ಕಲಿಸಿದ ಡಾಕ್ಟರ್ ಪಂಚಾಕ್ಷರಯ್ಯ.

“ನಾಳೆ ನೀನು ಹೇಗೆ ಮಾಡುತ್ತೀ?”

“ಯಂತ್ರವಿಲ್ಲದೆಯೇ ಸರ್. ಅದನ್ನು ನಡೆಸುವವರಿಗೆ ರಜೆ ತಗೊಳ್ಳಿ ಅಂತಲೂ ಹೇಳಿಬಿಟ್ಟೆ.”

“ಹಾಗಾದರೆ ಒಂದು ಕತೆ ಕೇಳು. ಕೊನೆಗೆ ಏನಾಯಿತು ಅಂತ ನೀನೇ ಊಹಿಸಬೇಕು.”

ಒಬ್ಬ ಶಸ್ತ್ರವೈದ್ಯನಿದ್ದ. ಕೈ ಎಂದರೆ ಕೈ. ಹೃದಯ ತನ್ನ ಪಾಡಿಗೆ ತಾನು ಕುಣಿಯುತ್ತಿದ್ದರೆ, ಅದರ ಮೇಲೆ ಕೂದಲಿಗಿಂತ ಸಣ್ಣ ದಾರದಿಂದ ಹೊಲಿಗೆ ಹಾಕುತ್ತಿದ್ದ. ರಕ್ತವನ್ನು ಮೈಯಿಂದ ಹೊರಗೆ ತಂದು, ಉಸಿರು ಕೊಟ್ಟು, ಮತ್ತೆ ಒಳಗೆ ಕಳಿಸುವ ಆ ದೊಡ್ಡ ಯಂತ್ರ ಅವನಿಗೆ ಬೇಕಾಗುತ್ತಲೇ ಇರಲಿಲ್ಲ. ಆದರೂ ಅದನ್ನು ನಡೆಸುವವನೊಬ್ಬ ಇದ್ದ. ಪ್ರತಿ ಆಪರೇಷನ್ನಿಗೂ ಕೊಳವೆ ಜೋಡಿಸಿ, ಅದರೊಳಗೆ ದ್ರವ ತುಂಬಿ, ಗಾಳಿಯ ಒಂದು ಗುಳ್ಳೆಯೂ ಇಲ್ಲದಂತೆ ನೋಡಿಕೊಂಡು, ಮೂಲೆಯಲ್ಲಿ ನಿಂತಿರುತ್ತಿದ್ದ. ಆಪರೇಷನ್ ಮುಗಿದ ಮೇಲೆ, ಬಳಸದ ಕೊಳವೆಗಳನ್ನು ಎಸೆದು ಮನೆಗೆ ಹೋಗುತ್ತಿದ್ದ. ವೈದ್ಯನಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು.

ಆಯುಧಪೂಜೆ ಬಂತು. ಆಸ್ಪತ್ರೆಯವರು ಆಂಬುಲೆನ್ಸಿನಿಂದ ಹಿಡಿದು ಅಡುಗೆಮನೆಯ ಈಳಿಗೆಮಣೆಯವರೆಗೆ ಎಲ್ಲಕ್ಕೂ ಪೂಜೆ ಮಾಡಿದರು. ಆ ಯಂತ್ರವನ್ನೂ ಹೊರಗಿನ ಪಡಸಾಲೆಗೆ ತಂದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿದರು. ಪೂಜೆಗೆ ಕೂತ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು. ಅದು ಎಲ್ಲರ ಮನೆಯ ಪದ್ಧತಿ.

ಮಧ್ಯಾಹ್ನ ಒಬ್ಬ ಬಸ್ ಡ್ರೈವರನನ್ನು ಎತ್ತಿಕೊಂಡು ಬಂದರು. ಬಸ್ಸಿಗೆ ಹೂ ಕಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಮೂರು ರಕ್ತನಾಳ ಮುಚ್ಚಿಹೋಗಿದ್ದವು. ನಾಳೆಯವರೆಗೆ ಕಾಯುವಂತಿರಲಿಲ್ಲ. ಅವನೋ, ಆ ನೋವಿನಲ್ಲೂ, “ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಬಂದಿದೀನಿ ಸ್ವಾಮಿ, ಇನ್ನೂ ಗಾಡಿ ಹತ್ತಿಸಿಲ್ಲ. ಬೇಗ ಕಳಿಸಿಕೊಡಿ” ಎನ್ನುತ್ತಿದ್ದ.

ಯಂತ್ರ ನಡೆಸುವವನು ಬಾಗಿಲಲ್ಲಿ ಬಂದು ನಿಂತ. “ಸರ್, ಪೂಜೆಯಿಂದ ಇಳಿಸಿ ರೆಡಿ ಮಾಡಲಾ?”

ವೈದ್ಯ ಕೈ ತೊಳೆಯುತ್ತಲೇ ನಕ್ಕ. “ಏನಯ್ಯಾ, ವರ್ಷಕ್ಕೊಂದು ದಿನವೂ ಅದಕ್ಕೆ ರಜೆ ಇಲ್ಲವಾ? ಹೋಗು, ಪುರಿ ತಿನ್ನು.”

ಅವನು ಹೋದ.

ಎರಡು ನಾಳಗಳ ಹೊಲಿಗೆ ಸಲೀಸಾಗಿ ಆಯಿತು. ಮೂರನೆಯದು ಹೃದಯದ ಬೆನ್ನಿನಲ್ಲಿತ್ತು. ಅಲ್ಲಿಗೆ ಕೈ ತಲುಪಬೇಕಾದರೆ ಹೃದಯವನ್ನು ಎತ್ತಿ ವಾಲಿಸಬೇಕು. ಎತ್ತಿದ. ರಕ್ತದೊತ್ತಡ ಕುಸಿಯಿತು. ಇಳಿಸಿದ. ಏರಿತು. ಮತ್ತೆ ಎತ್ತಿದ. ಈ ಸಲ ಹೃದಯ ಮಿಡಿಯುವುದನ್ನೇ ಬಿಟ್ಟು ನಡುಗತೊಡಗಿತು. ಕರೆಂಟ್ ಕೊಟ್ಟರು. ನಡುಕ ನಿಲ್ಲಲಿಲ್ಲ. ವೈದ್ಯ ಅದನ್ನು ಅಂಗೈಯಲ್ಲಿ ಹಿಡಿದು ಹಿಸುಕಿ ಹಿಸುಕಿ ರಕ್ತ ಓಡಿಸುತ್ತಿದ್ದ. ಹೊರಗಿರುವ ಯಂತ್ರ ಅವನ ಕಣ್ಣಮುಂದೆ ಬಂತು. ಕೊಳವೆ ಇಲ್ಲ, ದ್ರವ ಇಲ್ಲ, ಕೊರಳಲ್ಲಿ ಹೂವು. ಅದನ್ನು ಸಿದ್ಧಮಾಡಲು ಕಾಲು ಗಂಟೆ ಬೇಕು. ಕಾಲು ಗಂಟೆ ತನ್ನ ಬೆರಳುಗಳು ತಾಳಲಾರವು ಎಂದು ಅವನಿಗೆ ಗೊತ್ತಿತ್ತು. ಕೈಯ ಮೇಲಿನ ಅವನ ನಂಬಿಕೆ ಅವತ್ತು ಮೊದಲ ಸಲ ಅಲ್ಲಾಡಿತು.

ಪಂಚಾಕ್ಷರಯ್ಯ ಅಲ್ಲಿಗೆ ನಿಲ್ಲಿಸಿದರು. “ಹೇಳು, ಏನಾಗಿರಬಹುದು?”

“ಡ್ರೈವರ್ ಉಳಿಯಲಿಲ್ಲ, ಸರ್.”

“ಉಳಿದ.”

ಬಾಗಿಲು ತೆರೆಯಿತು. ಯಂತ್ರ ನಡೆಸುವವನು ಯಂತ್ರವನ್ನು ತಳ್ಳಿಕೊಂಡು ಒಳಗೆ ಬಂದ. ಹೂವಿರಲಿಲ್ಲ. ಕುಂಕುಮವನ್ನು ಸ್ಪಿರಿಟ್ಟಿನಿಂದ ಒರೆಸಿದ್ದ. ಕೊಳವೆಗಳು ತುಂಬಿದ್ದವು, ಒಂದು ಗುಳ್ಳೆಯೂ ಇರಲಿಲ್ಲ. ನಗಿಸಿಕೊಂಡು ಹೋದವನು ಪುರಿ ತಿನ್ನಲು ಹೋಗಿರಲಿಲ್ಲ. ನೇರವಾಗಿ ಪಡಸಾಲೆಗೆ ಹೋಗಿ, ಯಂತ್ರಕ್ಕೆ ಕೈಮುಗಿದು, ಪೂಜೆಯಿಂದ ಇಳಿಸಿದ್ದ. ಕೊಳವೆಗಳನ್ನು ಡ್ರೈವರನ ಮೈಗೆ ಜೋಡಿಸಿದರು. ಯಂತ್ರ ತಿರುಗಿತು. ವೈದ್ಯ ಹೃದಯವನ್ನು ಔಷಧಿಯಿಂದ ನಿಲ್ಲಿಸಿ, ಅವಸರವಿಲ್ಲದೆ ಮೂರನೆಯ ಹೊಲಿಗೆ ಹಾಕಿದ. ಆಮೇಲೆ ಹೃದಯ ತಾನಾಗಿ ಮಿಡಿಯಿತು.

ಎಲ್ಲ ಮುಗಿದ ಮೇಲೆ ವೈದ್ಯ ಅವನ ಎದುರು ಹೋಗಿ ನಿಂತ. “ಪೂಜೆಯಾದದ್ದನ್ನು ಮುಟ್ಟಿದೆಯಲ್ಲಯ್ಯಾ. ನಿನಗೆ ಭಯವಾಗಲಿಲ್ಲವಾ?”

“ಆಯ್ತು ಸರ್. ಆದರೆ ಅದರ ಮುಂದೆ ನಿಂತು ನಾನು ದಿನಾ ಬೇಡಿಕೊಳ್ಳೋದು ಒಂದೇ: ಇವತ್ತು ನಿನ್ನ ಅಗತ್ಯ ಯಾರಿಗೂ ಬೀಳದೆ ಇರಲಿ. ಇವತ್ತೂ ಅದನ್ನೇ ಬೇಡಿಕೊಂಡೆ. ಬೇಡಿಕೊಂಡು ಕೊಳವೆ ಜೋಡಿಸಿದೆ.”

ಕತೆ ಮುಗಿಯಿತು. ಇಂದುಧರ ಕೇಳಿದ: “ಅಂದರೆ ಯಂತ್ರವಿಟ್ಟು ಮಾಡುವುದೇ ಮೇಲು ಅಂತಲಾ, ಸರ್?”

“ಎರಡು ಹೊಲಿಗೆ ಯಂತ್ರವಿಲ್ಲದೆ ಆದವು, ಒಂದು ಯಂತ್ರದಿಂದ ಆಯಿತು. ಯಾವುದು ಮೇಲು ಅಂತ ಆ ಡ್ರೈವರನನ್ನು ಕೇಳಲು ಹೋಗಬೇಡ, ಅವನಿಗಿರುವುದು ಒಂದೇ ಎದೆ.”

“ಆ ವೈದ್ಯರಿಗೆ ಇದನ್ನೆಲ್ಲ ಕಲಿಸಿದ ಗುರುಗಳು ಯಾರು, ಸರ್?”

“ಮೂಲೆಯಲ್ಲಿ ನಿಂತಿರುತ್ತಿದ್ದನಲ್ಲ, ಅವನೇ; ನಾನು ಅವನ ಶಿಷ್ಯನಾದದ್ದು ಎರಡು ಸಾವಿರದ ಹನ್ನೆರಡನೆಯ ಇಸವಿ ಅಕ್ಟೋಬರ್ ಇಪ್ಪತ್ತಮೂರು, ಮಂಗಳವಾರ, ಆ ಆಯುಧಪೂಜೆಯ ದಿನ.”