ಕಾವಲುಗಾರನ ಕೂಗು

ಹುಣಸೆಮರದ ಮೇಲಿನ ಕೊಂಬೆಯ ಕಾಗೆಗಳಿಗೂ ಕೆಳಗಿನ ಕೊಂಬೆಯ ಕಾಗೆಗಳಿಗೂ ಎರಡು ವರ್ಷ ನಡೆದ ಕಾದಾಟಕ್ಕೆ ರಾಜಿ ಮಾಡಿಸಿದ್ದು ಮುದಿಕಾಗೆ ಕರಿಯಜ್ಜ. ಹಳೆಯದನ್ನು ಯಾರೂ ಕೆದಕಬಾರದು ಎಂಬುದೊಂದೇ ಅವನ ಕರಾರು. ಮೇಲಿನ ಕೊಂಬೆಯ ಮಸಿಯ ಎಂಬ ಕಾಗೆ ಮೊದಲಿನಂತೆ ಇಡೀ ಮರಕ್ಕೆ ಕಾವಲುಗಾರನಾಗಿ ಉಳಿದ.

ಕೆಳಗಿನ ಕೊಂಬೆಯ ನೇರಳೆ ಎಂಬ ತಾಯಿಕಾಗೆ ಕರಿಯಜ್ಜನ ಬಳಿ ಬಂದು ಹೇಳಿದಳು: "ಯಜಮಾನರೇ, ಕಾದಾಟದ ದಿನಗಳಲ್ಲಿ ಒಮ್ಮೆ ಇದೇ ಮಸಿಯ, ಗಿಡುಗ ಬಂತೆಂದು ಸುಳ್ಳೇ ಕೂಗಿದ. ಅದನ್ನು ಅಟ್ಟಲು ನಾವೆಲ್ಲ ಗೂಡು ಬಿಟ್ಟು ಹಾರಿದೆವು. ಅಷ್ಟರಲ್ಲಿ ಅವನ ಕಡೆಯವರು ನಮ್ಮ ಮೊಟ್ಟೆಗಳನ್ನು ನೆಲಕ್ಕೆ ಉರುಳಿಸಿದರು. ಅವನನ್ನು ಕುಕ್ಕಿ ಕೊಲ್ಲಿ ಎನ್ನುವುದಿಲ್ಲ. ಮಾಡಿದ್ದನ್ನು ಎಲ್ಲರೆದುರು ಒಪ್ಪಿಕೊಂಡು ಕಾವಲು ಬಿಡಲಿ."

"ಮರ ಈಗಷ್ಟೇ ತಣ್ಣಗಾಗಿದೆ ತಾಯಿ, ಸುಮ್ಮನಿರು," ಎಂದ ಕರಿಯಜ್ಜ. ತಾನು ಜಾಣತನದ ಮಾತಾಡಿದೆನೆಂದೇ ಅವನ ಎಣಿಕೆ.

ಮೂರನೆಯ ದಿನ ಮಧ್ಯಾಹ್ನ ಗಿಡುಗ ನಿಜವಾಗಿಯೇ ಬಂತು. ಮಸಿಯ ಗಂಟಲು ಹರಿಯುವಂತೆ ಕೂಗಿದ. ಎಲ್ಲರೂ ಒಟ್ಟಾಗಿ ಮೇಲೆ ಬಿದ್ದಿದ್ದರೆ ಅದು ಓಡಿಹೋಗುತ್ತಿತ್ತು. ಒಬ್ಬರೂ ಏಳಲಿಲ್ಲ. ಕೆಳಗಿನವರಿಗೆ ಆ ಕೂಗಿನ ಮೋಸ ನೆನಪಿತ್ತು. ಮೇಲಿನವರಿಗೆ ಅದು ಇನ್ನೂ ಚೆನ್ನಾಗಿ ಗೊತ್ತಿತ್ತು. ಗಿಡುಗ ನಿಧಾನವಾಗಿ ಇಳಿದು, ಆಗತಾನೇ ಕಣ್ಣು ಬಿಟ್ಟಿದ್ದ ಒಂದು ಮರಿಯನ್ನು ಎತ್ತಿಕೊಂಡು ಹೋಯಿತು.

ನೇರಳೆ ಕರಿಯಜ್ಜನ ಗೂಡಿನ ಬಳಿಗೆ ಬಂದಳು.

"ರಾಜಿಯಾದ ಮೇಲೂ ಒಬ್ಬರಾದರೂ ಏಳಬಾರದಿತ್ತೇ?" ಎಂದು ಅವನು ನೊಂದುಕೊಂಡ.

"ನೀವು ಎದ್ದಿರಾ, ಯಜಮಾನರೇ?"

ಕರಿಯಜ್ಜ ತನ್ನ ಕಾಲುಗಳತ್ತ ನೋಡಿಕೊಂಡ. ಅವು ಇನ್ನೂ ಗೂಡಿನ ಕಡ್ಡಿಗಳನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದವು.